ಡಬ್ಬಿ ಮುಚ್ಚದ ಮಿಸ್ತ್ರಿ

ಕಟ್.

ಬೆರಳಿನ ಲಟಿಗೆ ಮುರಿದಷ್ಟು ಸಣ್ಣ ಸದ್ದು. ನಡುರಾತ್ರಿ ದಾಟಿದೆ. ಮಂಗಸೂಳಿಯ ಆಚೆಗಿನ ತೋಟದ ಮನೆಗಳ ವಸ್ತಿಯಲ್ಲಿ ನಾಯಿಗಳೂ ಮಲಗಿವೆ. ಬಾವಿಯ ದಂಡೆಯ ತಗಡು ಹೊದಿಸಿದ ಶೆಡ್ಡಿನಲ್ಲಿ ಗೋಣಿಚೀಲ ಹಾಸಿ ಅಡ್ಡಾಗಿದ್ದ ಗಂಗಾರಾಮ ಮಿಸ್ತ್ರಿ ಕಣ್ಣು ತೆರೆಯದೆಯೇ ನಗುತ್ತಾರೆ. ಕತ್ತಲಲ್ಲೇ ಕೈ ಚಾಚಿ ಇಂಜಿನ್ನಿನ ಗಾಲಿ ಮುಟ್ಟುತ್ತಾರೆ. ಗಾಲಿಗೆ ಹಗ್ಗದಿಂದ ಜೋತುಬಿಟ್ಟ ಕಲ್ಲು ಸಂಜೆ ನೆಲದಿಂದ ಗೇಣು ಮೇಲಿತ್ತು. ಈಗ ಅದರ ಕೆಳಗೆ ಅಂಗೈ ಅಡ್ಡ ಹಿಡಿದರೆ ತಾಗುತ್ತದೆ.

"ಬಿಡ್ತು," ಎನ್ನುತ್ತಾರೆ ತಮಗೆ ತಾವೇ.

"ಏನ್ ಬಿಡ್ತೋ ತಮ್ಮಾ?"

ಬಾಗಿಲ ಬಳಿ ಕೌದಿ ಹೊದ್ದು ಕುಳಿತವರು ಕಾಳವ್ವ, ಆ ತೋಟದ ಮನೆಯ ಹಿರಿಯರು. ಅವರೂ ಮಲಗಿಲ್ಲ.

"ಪಿಸ್ಟನ್ ಯವ್ವಾ. ಎಳ್ಡ ದಿನಾ ಹಲ್ಲ ಕಚಗೊಂಡ ಕುಂತಿತ್ತು. ಈಗ ಒಂದೀಟ ಸಡ್ಲಾತು."

"ಹಂಗಾದ್ರ ಅದರ ಹೊಟ್ಟ್ಯಾಗ ಏನೈತಿ ಅಂತ ನಿನಗ ಕಾಣತೈತೇನು?"

"ಮುಂಜಾನೆ ಹೆಡ್ ಬಿಚ್ಚತೇನಲ್ಲ. ಎಲ್ಲಾ ಕಾಣತೈತಿ."

ಕಾಳವ್ವ ಕೌದಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಳ್ಳುತ್ತಾರೆ. ಎದ್ದು ಒಳಗೆ ಹೋಗುವುದಿಲ್ಲ.

ಇದು ಎಂಟು ವರ್ಷದ ಹಿಂದಿನ, ೧೯೮೮ರ ದಸರೆ ಮುಗಿದ ಮೇಲಿನ ಒಂದು ರಾತ್ರಿ. ಆ ಇಂಜಿನ್ನಿನೊಳಗೆ ಯಾರಾದರೂ ಏನಾದರೂ ಹಾಕಿದ್ದಾರೆಯೇ ಎಂಬ ಒಂದು ಪ್ರಶ್ನೆಯ ಮೇಲೆ ಕಾಳವ್ವನ ಇಬ್ಬರು ಮಕ್ಕಳ ಬಾವಿ ಒಂದಾಗಿ ಉಳಿಯುವುದೋ ಒಡೆಯುವುದೋ ನಿಂತಿತ್ತು. ಉತ್ತರ ಹೇಳಬೇಕಾದವರು ಗಂಗಾರಾಮ ಮಿಸ್ತ್ರಿ. ಅವರು ಹೇಳಿದ ಉತ್ತರ ಇವತ್ತಿಗೂ ಅವರ ಬೆನ್ನು ಬಿಟ್ಟಿಲ್ಲ.

ಈಗಲೂ ಬೆಳಗಿನ ಜಾವ ತಮ್ಮೂರು ಉಗಾರ ಬುದ್ರುಕದ ಓಣಿಯಿಂದ ಅವರ ಸೈಕಲ್ಲು ಹೊರಬೀಳುತ್ತಿದ್ದಂತೆ ಚಹಾದ ಅಂಗಡಿಯವರು ಕೂಗುತ್ತಾರೆ: "ಮಿಸ್ತ್ರಿ, ಡಬ್ಬಿ ಮುಚ್ಚೀಯೇನೋ?" ಕಬ್ಬಿನ ಗಾಡಿಯ ಮೇಲಿನವರೂ ಕೇಳುತ್ತಾರೆ. ಬೀಗರ ಮನೆಯ ಲಗ್ನದಲ್ಲಿ ಊಟದ ಪಂಕ್ತಿಯಲ್ಲೂ ಕೇಳಿದ್ದುಂಟು. ಗಂಗಾರಾಮ ಒಂದು ಕಾಲು ನೆಲಕ್ಕೆ ಊರಿ, ದೊಡ್ಡ ದನಿಯಲ್ಲಿ ಉತ್ತರ ಕೊಡುತ್ತಾರೆ: "ಮುಚ್ಚೇನಿ! ನಿನ್ನ ಬಾಯಿಗಿ ಒಂದ ಉಳದೈತಿ, ತರ್ಲೇನು?"

ಡಬ್ಬಿಯ ವಿಷಯ ಇಷ್ಟೇ. ನೀರೆತ್ತುವ ಹಳೆಯ ಡೀಸೆಲ್ ಇಂಜಿನ್ನಿನ ಹೊಗೆಯ ಕೊಳವೆ, ಸೈಲೆನ್ಸರ್, ಶೆಡ್ಡಿನ ಗೋಡೆ ದಾಟಿ ಹೊರಗೆ ಬಂದು ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತದೆ. ಮಳೆಗಾಲದಲ್ಲಿ ಇಂಜಿನ್ನಿಗೆ ಕೆಲಸವಿಲ್ಲ. ಆಗ ಕೊಳವೆಯ ಬಾಯಿಗೆ ಒಂದು ಹಳೆಯ ತಗಡಿನ ಡಬ್ಬಿ ಬೋರಲು ಹಾಕಿಡಬೇಕು. ಇಲ್ಲವಾದರೆ ನೀರು ಒಳಗಿಳಿದು, ಪಿಸ್ಟನ್ನಿಗೆ ತುಕ್ಕು ಹಿಡಿದು, ಇಂಜಿನ್ ಜಾಮ್ ಆಗುತ್ತದೆ. ಇಷ್ಟು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಮಿಸ್ತ್ರಿಯೇ ಮರೆತರೆ ನಗದಿರುವವರು ಯಾರು?

ಗಂಗಾರಾಮ ಐವತ್ತರ ಆಸುಪಾಸಿನ ಸಣಕಲು ಮೈಯವರು. ಬಲಗೈಯ ಒಂದು ಬೆರಳು ಅಡ್ಡಕ್ಕೆ ತಿರುಗಿ ನಿಂತಿದೆ. ಇಂಜಿನ್ ಒಮ್ಮೆ ಹಿಂದಕ್ಕೆ ತಿರುಗಿ, ಹ್ಯಾಂಡಲ್ ಹೊಡೆದ ಗುರುತು ಅದು. ಸೈಕಲ್ಲಿಗೆ ನಟ್ಟು ಬಿಚ್ಚುವ ಪಾನಾಗಳ ಚೀಲ, ಹಿಂದೆ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ ಕ್ಯಾನು, ಅದರ ಮೇಲೆ ಮಡಚಿದ ಗೋಣಿಚೀಲ. ಕಾಗವಾಡದಿಂದ ಅಥಣಿ, ತೆಲಸಂಗದವರೆಗೆ, ಇತ್ತ ರಾಯಬಾಗದ ಕಡೆಗೂ, ಹಳೆಯ ಇಂಜಿನ್ 'ಹಿಡಿದುಕೊಂಡಿದೆ', ಜಾಮ್ ಆಗಿದೆ, ಎಂದಾಗ ಇವರಿಗೆ ಕರೆ ಬರುತ್ತದೆ. ಓಡುವ ಇಂಜಿನ್ ರಿಪೇರಿ ಮಾಡುವವರು ಊರಿಗೊಬ್ಬರಿದ್ದಾರೆ. ಹಿಡಿದದ್ದನ್ನು ಒಡೆಯದೆ ಬಿಡಿಸುವವರು ಕಡಿಮೆ.

ಅವರ ಕೆಲಸದ ರೀತಿಯೇ ಬೇರೆ. ಇಂಜಿನ್ ಜಾಮ್ ಆದರೆ ಸಾಮಾನ್ಯವಾಗಿ ಮನೆಯ ಗಂಡಸರು ಮೊದಲು ಗಾಲಿಗೆ ಹಾರೆ ಕೊಟ್ಟು ಮೀಟುತ್ತಾರೆ, ಆಮೇಲೆ ಕಟ್ಟಿಗೆಯ ತುಂಡಿಟ್ಟು ಸುತ್ತಿಗೆಯಿಂದ ಬಡಿಯುತ್ತಾರೆ. ಗಂಗಾರಾಮರ ಚೀಲದಲ್ಲಿ ದೊಡ್ಡ ಸುತ್ತಿಗೆಯೇ ಇಲ್ಲ. ಅವರು ಡೀಸೆಲ್ ಚಿಮುಕಿಸುವ ನಾಝಲ್ ಬಿಚ್ಚಿ, ಆ ತೂತಿನಿಂದ ಸೀಮೆಎಣ್ಣೆಯೊಂದಿಗೆ ಔಡಲೆಣ್ಣೆ ಬೆರೆಸಿ ಹೊಯ್ಯುತ್ತಾರೆ. ಗಾಲಿಗೆ ಒಂದು ಕಲ್ಲು ಕಟ್ಟಿ ಜೋತುಬಿಡುತ್ತಾರೆ. ಆಮೇಲೆ ಕೆಲಸವೇ ಇಲ್ಲ. ಗೋಣಿಚೀಲ ಹಾಸಿಕೊಂಡು ಪಕ್ಕದಲ್ಲಿ ಮಲಗುತ್ತಾರೆ. ಎಣ್ಣೆ ಇಳಿಯುತ್ತದೆ, ಕಲ್ಲು ಎಳೆಯುತ್ತದೆ. ಕೆಲವೊಮ್ಮೆ ಒಂದು ರಾತ್ರಿ, ಕೆಲವೊಮ್ಮೆ ವಾರ.

"ಬಡದ್ರ ಯಾರ ಬಿಡತಾರ್ರಿ? ಮನಷಾರ ಬಿಡೂದಿಲ್ಲ, ಇದು ಬೀಡ ಕಬ್ಬಣ," ಎನ್ನುತ್ತಾರೆ. "ಸಿಟ್ಟಿಗೆದ್ದವರನ್ನ ಮದ್ಲ ಶೆಡ್ಡಿಂದ ಹೊರಗ ಹಾಕಬೇಕು. ಅರ್ಧ ಕೆಲಸ ಅಲ್ಲೇ ಆತು."

ತಂದೆಯ ಹೆಸರು ಮಾಳಸಿದ್ದ; ಕುರಿ ಕಾಯುತ್ತಿದ್ದರು. ಗೊಬ್ಬರಕ್ಕೆಂದು ರೈತರು ಕುರಿಗಳನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಳ್ಳುವ ವಾಡಿಕೆ. ಹಿಂಡಿನ ಜೊತೆ ಮಗನೂ ಊರೂರ ಹೊಲದಲ್ಲಿ ಮಲಗಿದವರೇ. ಸುತ್ತಲಿನ ಬಾವಿಗಳಲ್ಲಿ ರಾತ್ರಿಯಿಡೀ ಇಂಜಿನ್ನುಗಳ ಸದ್ದು. ಯಾವುದು ಕೆಮ್ಮುತ್ತಿದೆ, ಯಾವುದಕ್ಕೆ ಡೀಸೆಲ್ ಸಾಲದು, ಯಾವುದು ನಸುಕಿಗೆ ಮೊದಲೇ ನಿಲ್ಲುತ್ತದೆ ಎಂಬುದು ಕಂಬಳಿಯೊಳಗೆ ಮಲಗಿದ್ದಲ್ಲೇ ತಿಳಿಯತೊಡಗಿತು. ಮುಂದೆ ಕಾಗವಾಡದ ಮುರಗೆಪ್ಪ ಮಿಸ್ತ್ರಿಯ ಕೈಕೆಳಗೆ ಪಾನಾ ಹಿಡಿಯಲು ಕಲಿತರು. ಕುರಿ ಮಾರುವಾಗ ಅಪ್ಪ ಅತ್ತಿದ್ದನ್ನು, ಮುರಗೆಪ್ಪ ಮಿಸ್ತ್ರಿ ಬೈಯುತ್ತಿದ್ದ ಬೈಗುಳಗಳನ್ನು ಅವರು ಇವತ್ತೂ ಕುಣಿದು ಕುಣಿದು ಹೇಳುತ್ತಾರೆ.

ಹೇಳುವುದೆಂದರೆ ಅವರಿಗೆ ಬಲು ಇಷ್ಟ. ಯಾರ ಇಂಜಿನ್ನಿನಲ್ಲಿ ಹಾವು ಮೊಟ್ಟೆಯಿಟ್ಟಿತ್ತು, ಯಾರ ಅಳಿಯ ಡೀಸೆಲ್ ಎಂದು ಬೆಲ್ಲದ ಪಾಕ ಸುರಿದ, ಎಲ್ಲವೂ ಚಹಾದ ಅಂಗಡಿಗೆ ಬರುತ್ತದೆ. ಹೆಂಡತಿ ಹೊಳೆವ್ವನ ಮಾತಿನಲ್ಲೇ ಹೇಳುವುದಾದರೆ, "ಇವರ ಹೊಟ್ಟ್ಯಾಗ ನೀರ ನಿಲ್ಲತೈತ್ರಿ, ಮಾತ ನಿಲ್ಲೂದಿಲ್ಲ."

ಅಂಥವರ ಹೊಟ್ಟೆಯಲ್ಲಿ ಒಂದು ಮಾತು ನಿಂತದ್ದು ಕಾಳವ್ವನ ತೋಟದ್ದು.

ಕಾಳವ್ವನ ಹಿರಿಯ ಮಗ ಲಗಮಣ್ಣ, ಕಿರಿಯ ಮಗ ಧರೆಪ್ಪ. ೧೯೮೮ರ ಬೇಸಿಗೆಯಲ್ಲಿ ಇಬ್ಬರ ಒಲೆ ಬೇರೆಯಾಯಿತು. ಹೊಲ ಹಂಚಿಕೆಯಾಯಿತು, ಎತ್ತು ಹಂಚಿಕೆಯಾಯಿತು. ತಾಯಿ ಒಂದು ತಿಂಗಳು ಒಬ್ಬರ ಮನೆಯಲ್ಲಿ, ಇನ್ನೊಂದು ತಿಂಗಳು ಇನ್ನೊಬ್ಬರ ಮನೆಯಲ್ಲಿ ಎಂದಾಯಿತು. ಹಂಚಲಾಗದೆ ಉಳಿದದ್ದು ಬಾವಿ ಮತ್ತು ಅದರ ಮೇಲಿನ ಇಂಜಿನ್. ತಂದೆಯ ಕಾಲದಲ್ಲಿ ಮೀರಜದ ಕಡೆಯಿಂದ ಚಕ್ಕಡಿಯಲ್ಲಿ ತಂದ, ಎರಡು ದೊಡ್ಡ ಗಾಲಿಯ, ಪರದೇಶದಲ್ಲಿ ಎರಕ ಹೊಯ್ದ ಇಂಜಿನ್ ಅದು. ಪಾಳಿಯ ಮೇಲೆ ನೀರು: ಒಂದು ದಿನ ಲಗಮಣ್ಣನವರ ಕಬ್ಬಿಗೆ, ಒಂದು ದಿನ ಧರೆಪ್ಪನವರ ದ್ರಾಕ್ಷಿ ಪಡಕ್ಕೆ.

ಮಳೆಗಾಲ ಮುಗಿದು ಮೊದಲ ಪಾಳಿಗೆ ಲಗಮಣ್ಣ ಹ್ಯಾಂಡಲ್ ಹಾಕಿದರೆ ಗಾಲಿ ಮಿಸುಕಲಿಲ್ಲ. ಹೊರಗೆ ಬಂದು ನೋಡಿದರೆ ಸೈಲೆನ್ಸರಿನ ಮೇಲಿನ ಡಬ್ಬಿ ಇರಲಿಲ್ಲ. ಅದು ಗಾಳಿಗೆ ಬಿದ್ದು ಉರುಳಿದ್ದೂ ಅಲ್ಲ. ಶೆಡ್ಡಿನ ಗೋಡೆಯ ಗೂಡಿನಲ್ಲಿ, ಯಾರೋ ಜೋಪಾನವಾಗಿ ಇಟ್ಟಂತೆ ಇತ್ತು.

ಧರೆಪ್ಪ ಬೇರೆ ಕರೆಂಟಿನ ಮೋಟಾರು ಹಾಕಿಸಬೇಕೆಂದು ಬೇಸಿಗೆಯಲ್ಲೇ ಅಂದಿದ್ದರು. ಲಗಮಣ್ಣನಿಗೆ ಅದು ನೆನಪಾಯಿತು. "ಕೂಡಿದ್ದು ಕೆಟ್ಟರ ಹರಕೊಂಡ ಹೋಗಬೋದು ಅಂತ ನೀರೋ ಉಸುಕೋ ಸುರುವಿದಿ," ಎಂದು ನಾಲ್ಕು ಜನರ ಎದುರು ತಮ್ಮನನ್ನು ಬೈದರು. ಧರೆಪ್ಪ ಪ್ರಮಾಣಕ್ಕೆ ನಿಂತರು. ಮಾತು ಬೆಳೆದು, ಬರುವ ಆದಿತ್ಯವಾರ ಪಂಚರನ್ನು ಕೂಡಿಸುವುದೆಂದಾಯಿತು. ಧರೆಪ್ಪನ ಕೆಲಸವೆಂದು ಠರಾವಾದರೆ ಬಾವಿ ಲಗಮಣ್ಣನ ಪಾಲಿಗೆ. ದ್ರಾಕ್ಷಿ ಪಡಕ್ಕೆ ನೀರಿಲ್ಲ. ತಾಯಿ ಒಂದು ಮನೆ ಆರಿಸಿಕೊಳ್ಳಬೇಕು, ಇನ್ನೊಂದರ ಹೊಸ್ತಿಲು ಮರೆಯಬೇಕು. ಇಬ್ಬರೂ ಒಪ್ಪಿದ ಮಾತು ಒಂದೇ ಇತ್ತು: ಗಂಗಾರಾಮ ಮಿಸ್ತ್ರಿ ಬಿಚ್ಚಲಿ, ಒಳಗೆ ಏನಿದೆ ಎಂದು ಅವರು ಹೇಳಲಿ.

ಗಂಗಾರಾಮ ಬಂದು ಇಬ್ಬರನ್ನೂ ಶೆಡ್ಡಿನಿಂದ ಹೊರಗೆ ಹಾಕಿದರು. ಎಣ್ಣೆ ಹೊಯ್ದರು. ಕಲ್ಲು ಕಟ್ಟಿದರು. ಎರಡನೆಯ ರಾತ್ರಿ ಆ ಸದ್ದು ಬಂತು.

ಬೆಳಕು ಹರಿಯುವ ಮುಂಚೆ ಅವರು ಸಿಲಿಂಡರಿನ ಮೇಲ್ಮುಚ್ಚಳದ, ಹೆಡ್ಡಿನ, ನಟ್ಟು ಬಿಚ್ಚುತ್ತಾರೆ. ಕಾಳವ್ವ ಚಹಾ ತಂದು, ಕಪ್ಪು ಕೆಳಗಿಡದೆ, ಕೈಯಲ್ಲೇ ಹಿಡಿದು ನಿಲ್ಲುತ್ತಾರೆ. ಹೆಡ್ಡು ಮೇಲೆ ಬರುತ್ತದೆ. ಸಿಲಿಂಡರಿನಲ್ಲಿ ತುಕ್ಕಿನ ಕೆಂಪು ಎಣ್ಣೆ. ಅದು ಇರಬೇಕಾದದ್ದೇ. ಹೆಡ್ಡನ್ನು ಮಗುಚಿ ಹಿಡಿದಾಗ ಹೊಗೆ ಹೋಗುವ ವಾಲ್ವಿನ ಸುತ್ತ ಹಳದಿ ಕಂಡಿತು. ಒಣಗಿ ಗಟ್ಟಿಯಾದ ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಅದರಲ್ಲಿ ಸಿಕ್ಕಿಕೊಂಡು ಬೆರಳುಗುರಿನಷ್ಟು ಒಂದು ಖೊಬ್ಬರಿಯ ಚೂರು.

ಗಂಗಾರಾಮ ಮೂಸಿ ನೋಡುತ್ತಾರೆ. ಅರಿಶಿನ. ಮಂಗಸೂಳಿಯ ಮಲ್ಲಯ್ಯ ದೇವರ ಭಂಡಾರ, ಪ್ರಸಾದದ ಅರಿಶಿನಪುಡಿ. ಅಲ್ಲಿಗೆ ಹೋಗಿ ಬಂದವರು ಭಂಡಾರವನ್ನು ಎತ್ತಿನ ಹಣೆಗೆ, ಕುಂಟೆಗೆ, ಇಂಜಿನ್ನಿನ ಗಾಲಿಗೆ ಹಚ್ಚುವುದು ಎಲ್ಲ ಮನೆಯಲ್ಲೂ ಇದೆ. ಹೊರಗಿನ ಹಳದಿ ಹೊಸದಲ್ಲ. ಒಳಗಿನದು ಇದೇ ಮೊದಲು.

ದೊಡ್ಡ ದನಿಯ ಮನುಷ್ಯ ದನಿ ಇಳಿಸುತ್ತಾರೆ. "ಯವ್ವಾ, ಇದಕ ಉಣಸಿದವರು ಯಾರು?"

"ನಾನಽ ತಮ್ಮಾ."

ಕಾಳವ್ವ ಕಪ್ಪನ್ನು ಕೊನೆಗೂ ನೆಲಕ್ಕಿಡುತ್ತಾರೆ.

"ಶ್ರಾವಣದಾಗ ಮಂಗಸೂಳಿಗೆ ಹೋಗಿದ್ನಿ. ಎತ್ತಿಗೆ ಪ್ರಸಾದ ಬಾಯಾಗ ಕೊಡತೇವಿ, ಎಮ್ಮಿಗೂ ಕೊಡತೇವಿ. ಇದಕ ಬರೇ ಗಾಲಿಗೆ ಹಚ್ಚಿ ಬಿಡತೇವಿ. ದುಡ್ಯೂದು ಇದೂ ದುಡೀತೈತಿ. ಉಸರ ಬಿಡೂದು ಅದ ಕೊಳವಿಯಿಂದ ಅಲ್ಲ? ಅದ ಬಾಯಿ ಅಂತ ತಿಳದ್ನಿ. ಟೆಂಗಿನ ನೀರ ಹಾಕಿದ್ನಿ, ಭಂಡಾರ ಹಾಕಿದ್ನಿ, ಖೊಬ್ರಿ ಹಾಕಿದ್ನಿ. 'ಮಲ್ಲಯ್ಯಾ, ನನ್ನ ಮಕ್ಕಳನ ಇದೊಂದ ಗಾಲಿಗರ ಕಟ್ಟಿಡಪಾ' ಅಂತ ಬೇಡಕೊಂಡ್ನಿ."

ಗಂಗಾರಾಮ ಗಾಲಿಯ ಕಡೆ ನೋಡುತ್ತಾರೆ. "ದೇವರು ಮಾತ ನಡಸ್ಯಾನ ಬಿಡ ಯವ್ವಾ. ಗಾಲಿನಽ ಅಳ್ಳಾಡದಂಗ ಕಟ್ಟಿಟ್ಟಿದ್ದ."

ಕಾಳವ್ವನಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹೇಳಿದ್ರ ಆತಲ್ಲ, ಮಕ್ಕಳಿಗೆ? ತಾಯಿ ಮ್ಯಾಲ ಯಾರ ಪಂಚರನ ಕೂಡಸ್ತಾರ?"

"ನನಗ ಬೇದ್ರ ಬೇಯ್ಲಿ. ಆ ಡಬ್ಬಿ ನನ್ನ ಕೈಗೆ ನಿಲಕಲಿಲ್ಲೋ ತಮ್ಮಾ. ಗಿರಿಜಾ ತಗದ ಕೊಟ್ಲು, ನನ್ನ ಕಲ್ಲಿನ ಮ್ಯಾಲ ಹತ್ತಿಸಿ ಹಿಡಕೊಂಡ್ಲು. ಆಕಿನಽ ಗೂಡಿನ್ಯಾಗ ಇಟ್ಲು. ಮತ್ತ ಮುಚ್ಚೂದು ಇಬ್ಬರಿಗೂ ನೆನಪಾಗ್ಲಿಲ್ಲ."

ಗಿರಿಜವ್ವ ಧರೆಪ್ಪನ ಹೆಂಡತಿ. ಆ ತಿಂಗಳು ಕಾಳವ್ವನ ಪಾಳಿ ಕಿರಿಯ ಮಗನ ಮನೆಯಲ್ಲಿತ್ತು. ಗಂಗಾರಾಮರಿಗೆ ಮುಂದಿನದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಭಂಡಾರದ ಸುದ್ದಿ ಹೊರಬಿದ್ದರೆ ಡಬ್ಬಿಯ ಸುದ್ದಿಯೂ ಬೀಳುತ್ತದೆ. ಡಬ್ಬಿ ತೆಗೆದದ್ದು ಧರೆಪ್ಪನ ಮನೆಯ ಕೈ. ಮುದುಕಿಯನ್ನು ಮುಂದೆ ಮಾಡಿ ಗಂಡ ಹೆಂಡಿರು ಆಟ ಹೂಡಿದರು ಎಂದು ಲಗಮಣ್ಣ ಅನ್ನದೆ ಬಿಡುವುದಿಲ್ಲ. ಆ ಸಿಟ್ಟಿನಲ್ಲಿ ದೇವರ ಮೇಲಿನ ಭಕ್ತಿ ಯಾರಿಗೂ ಕಾಣುವುದಿಲ್ಲ.

ಆಗಲೇ ಹೊರಗೆ ಲಗಮಣ್ಣನ ಕೆಮ್ಮು ಕೇಳುತ್ತದೆ. ಗಂಗಾರಾಮ ಸೀಮೆಎಣ್ಣೆಯ ಅರಿವೆಯಿಂದ ವಾಲ್ವು ಒರೆಸುತ್ತಾರೆ. ಅರಿವೆ ಚೀಲಕ್ಕೆ ಹೋಯಿತು. ಖೊಬ್ಬರಿಯ ಚೂರು ಮಾತ್ರ ಅಂಗೈಯಲ್ಲಿ ಉಳಿಯಿತು. ಪ್ರಸಾದ, ನೆಲಕ್ಕೆ ಚೆಲ್ಲುವಂತಿಲ್ಲ, ಅರಿವೆಯ ಜೊತೆ ಎಸೆಯುವಂತಿಲ್ಲ. ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾರೆ.

ಅಣ್ಣ ತಮ್ಮ ಇಬ್ಬರೂ ಬಂದು ಶೆಡ್ಡಿನ ಎರಡು ಮೂಲೆಯಲ್ಲಿ ನಿಲ್ಲುತ್ತಾರೆ.

"ಹೇಳ ಮಿಸ್ತ್ರಿ," ಎನ್ನುತ್ತಾರೆ ಲಗಮಣ್ಣ. "ಯಾರರ ಏನರ ಸುರುವ್ಯಾರೋ ಇಲ್ಲೋ? ಅಷ್ಟ ಹೇಳು."

"ಸುರುವ್ಯಾರ್ರಿ."

ಧರೆಪ್ಪ ಮೂಲೆಯಿಂದ ಒಂದು ಹೆಜ್ಜೆ ಮುಂದೆ ಬರುತ್ತಾರೆ.

"ಮಳಿರಾಯ ಸುರುವ್ಯಾನ. ನೀರ ಇಳದ ತುಕ್ಕ ಹಿಡದೈತಿ. ಮತ್ತೇನಿಲ್ಲ."

"ಡಬ್ಬಿ ತಗದವರ್ಯಾರು ಹಂಗಾದ್ರ?"

"ಯಾರೂ ತಗದಿಲ್ರಿ. ನಾನ ಮುಚ್ಚಿರಲಿಲ್ಲ." ಗಂಗಾರಾಮ ಪಾನಾ ಒರೆಸುತ್ತಾ ಹೇಳುತ್ತಾರೆ. "ಬ್ಯಾಸಗಿ ಆಖೈರಿಗೆ ಎಣ್ಣಿ ಬದಲಿ ಮಾಡಾಕ ಬಂದಿದ್ನೆಲ್ಲ? ಅವಾಗ ಮುಚ್ಚಬೇಕಂತ ಡಬ್ಬಿ ತಂದು ಗೂಡಿನ್ಯಾಗ ಇಟ್ಟಿದ್ನಿ. ಮಾತಾಡಕೋತ ಹಂಗಽ ಹೋಗಿಬಿಟ್ನಿ. ಮೊನ್ನಿ ಬಂದಾಗ ನೋಡಿದ್ನಿ, ಹೇಳಾಕ ನಾಚಿಕಿ ಆತು."

ಲಗಮಣ್ಣನ ಬಾಯಿ ಬಿಚ್ಚಿತು. "ಏ ಭಾಡ್ಯಾ, ನಿನ್ನ ಸಲುವಾಗಿ ನಾಕ ಮಂದಿ ಮುಂದ ಒಡಹುಟ್ಟಿದ ತಮ್ಮಗ ಕಳ್ಳ ಅಂದ್ನೆಲ್ಲೋ!" ಧರೆಪ್ಪ ಅದಕ್ಕೆ ತಮ್ಮದೂ ಎರಡು ಸೇರಿಸಿದರು: "ಅಣ್ಣಾ, ಇಂವಗ ಚಹಾ ಕೊಡಬ್ಯಾಡ್ರಿ, ಅದರಾಗೂ ಮುಚ್ಚಳಾ ಮರತಾನು." ಎಷ್ಟೋ ದಿನಗಳ ಮೇಲೆ ತಮ್ಮನ ಬಾಯಿಂದ ಅಣ್ಣಾ ಎಂಬ ಮಾತು ಬಂದಿತ್ತು. ಇಬ್ಬರೂ ಕೂಡಿ ಮಿಸ್ತ್ರಿಯನ್ನು ಬೈದ ಬೈಗುಳದ ಸದ್ದಿಗೆ ಒಳಗಿನ ಮನೆಯಿಂದ ಗಿರಿಜವ್ವ ಬಂದು ಬಾಗಿಲಲ್ಲಿ ನಿಂತರು. ಮಿಸ್ತ್ರಿಯ ಮುಖ ನೋಡಿದರು, ಅತ್ತೆಯ ಮುಖ ನೋಡಿದರು, ಹಿಂತಿರುಗಿ ಹೋಗಿ ಇನ್ನೊಂದು ಕಪ್ಪು ಚಹಾ ತಂದು ಗಂಗಾರಾಮರ ಮುಂದಿಟ್ಟರು.

ಮಧ್ಯಾಹ್ನಕ್ಕೆ ಪಿಸ್ಟನ್ನಿನ ರಿಂಗುಗಳು ಸಡಿಲಾಗಿ, ಹೆಡ್ಡು ಮತ್ತೆ ಕೂತಿತು. ಆ ಇಂಜಿನ್ ಒಬ್ಬರಿಂದ ಹೊರಡುವಂಥದ್ದಲ್ಲ. ಒಬ್ಬರು ಹ್ಯಾಂಡಲ್ ತಿರುಗಿಸಬೇಕು, ವೇಗ ಬಂದಾಗ ಇನ್ನೊಬ್ಬರು ಮೇಲಿನ ಲಿವರ್ ಬಿಡಬೇಕು. ಲಗಮಣ್ಣ ತಿರುಗಿಸಿದರು, ಧರೆಪ್ಪ ಬಿಟ್ಟರು. ಕೊಳವೆಯಿಂದ ಮೊದಲು ಬಿಳಿ ಹೊಗೆ, ಆಮೇಲೆ ಕರಿ ಹೊಗೆ, ಆಮೇಲೆ ಡುಗ್ ಡುಗ್ ಡುಗ್. ಆದಿತ್ಯವಾರ ಪಂಚರು ಕೂಡಲಿಲ್ಲ.

ಡಬ್ಬಿಯ ಸುದ್ದಿ ಮಾತ್ರ ಸಂಜೆಯೊಳಗೆ ಮಂಗಸೂಳಿ ದಾಟಿತು. ಆ ಸುಗ್ಗಿಯಲ್ಲಿ ಗಂಗಾರಾಮರನ್ನು ಕರೆಯುತ್ತಿದ್ದ ಎಷ್ಟೋ ತೋಟದವರು ಬೇರೆ ಮಿಸ್ತ್ರಿಯನ್ನು ಹುಡುಕಿಕೊಂಡರು. ಒಬ್ಬರ ಪಿಸ್ಟನ್ ಸುತ್ತಿಗೆಯ ಪೆಟ್ಟಿಗೆ ಸೀಳಿದ ಮೇಲೆ ಒಬ್ಬೊಬ್ಬರಾಗಿ ಮರಳಿ ಬಂದರು. ತಮಾಷೆ ಮಾತ್ರ ಮರಳಿ ಹೋಗಲಿಲ್ಲ.

ಇಷ್ಟನ್ನು ಇಲ್ಲಿ ಬರೆಯಲು ಅಡ್ಡಿಯಿಲ್ಲ. ಹೋದ ವರ್ಷ ಆ ಬಾವಿಗೆ ಕೂಡಿಯೇ ಕರೆಂಟಿನ ಮೋಟಾರು ಬಂತು. ಇಂಜಿನ್ನನ್ನು ಶೆಡ್ಡಿನ ಮೂಲೆಗೆ ಸರಿಸಿದ ದಿನ ಕಾಳವ್ವ ತಾವೇ ಇಬ್ಬರು ಮಕ್ಕಳನ್ನೂ ಸೊಸೆಯರನ್ನೂ ಕೂರಿಸಿಕೊಂಡು ಎಲ್ಲ ಹೇಳಿದರು. "ಈಗ ಹೇಳಿದ್ರ ಏನಾಕ್ಕೈತಿ? ಅದಕೂ ವಯಸ್ಸಾತು, ನನಗೂ ವಯಸ್ಸಾತು," ಎಂದರು. ಲಗಮಣ್ಣ ನಗಲೂ ಆರದೆ ಅಳಲೂ ಆರದೆ ಕುಳಿತಿದ್ದರಂತೆ. ಮರುದಿನ ಅಣ್ಣ ತಮ್ಮ ಕೂಡಿ ಉಗಾರಕ್ಕೆ ಬಂದು ಗಂಗಾರಾಮರನ್ನು ಕೇಳಿದರು.

ಗಂಗಾರಾಮ ಒಪ್ಪಲಿಲ್ಲ. ಈಗ ಕೇಳಿದರೂ ಅದೇ ಉತ್ತರ. "ಹಿರೇ ಮನಷಾಳು, ಏನರ ಹೇಳತಾಳ್ರಿ. ಡಬ್ಬಿ ನಾನ ಮುಚ್ಚಿರಲಿಲ್ಲ. ಬರಕೋರಿ ಬೇಕಾದ್ರ." ಮೋಟಾರುಗಳು ಬಂದು ಹಳೆಯ ಇಂಜಿನ್ನಿನ ಕೆಲಸ ಕಡಿಮೆಯಾಗುತ್ತಿದೆ. ಕರೆಂಟು ಹೋದ ರಾತ್ರಿ ಮತ್ತೆ ನೆನಪಾಗುತ್ತದೆ. ಕಾಳವ್ವನ ಶೆಡ್ಡಿನ ಮೂಲೆಯ ಇಂಜಿನ್ನನ್ನು ಗುಜರಿಗೆ ಹಾಕಬಾರದು, ವರ್ಷಕ್ಕೊಮ್ಮೆಯಾದರೂ ತಿರುಗಿಸಬೇಕು ಎನ್ನುವುದೊಂದೇ ಅವರು ಬಾಯಿಬಿಟ್ಟು ಹೇಳುವ ಆಸೆ. "ಸುಮ್ನ ಕುಂತ್ರ ಮತ್ತ ಹಿಡಕೊತೈತ್ರಿ," ಎನ್ನುತ್ತಾರೆ.

ಆದರೆ ಹೊಳೆವ್ವನಿಗೆ ೧೯೮೮ರ ಆ ಸಂಜೆ ನೆನಪಿದೆ. ಗಂಡ ಕತ್ತಲಾದ ಮೇಲೆ ಮನೆಗೆ ಬಂದಿದ್ದರು. ಡಬ್ಬಿಯ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಅಂಗಿ ಒಗೆಯಲು ತೆಗೆದುಕೊಂಡರೆ ಕಿಸೆಯ ತುಂಬ ಎಣ್ಣೆಯ ಕಲೆ, ಒಳಗೆ ಹಳದಿ ಮೆತ್ತಿದ ಒಂದು ಖೊಬ್ಬರಿಯ ಚೂರು.

"ಇದೇನ್ರಿ?"

"ಪ್ರಸಾದ."

"ಔಡಲೆಣ್ಣಿ ನಾತ ಹೊಡ್ಯಾಕತ್ತೈತಿ, ಯಾವ ದೇವರ ಪ್ರಸಾದ ಇದು? ಡಬ್ಬಿ ನೀವು ಮರ್ಯಾವರಲ್ಲ. ಏನಾತು, ಖರೇ ಹೇಳ್ರಿ."

ಗಂಗಾರಾಮ ಬಾಯಿ ತೆರೆದರು. ಚಹಾದ ಅಂಗಡಿಯಲ್ಲಿ ವರ್ಷವಿಡೀ ಹೇಳಿದರೂ ತೀರದ ಕಥೆ ಅದು. ಮುದುಕಿಯ ದನಿ ತೆಗೆದು ಹೇಳಬಹುದಿತ್ತು, ಗಾಲಿ ಕಟ್ಟಿಟ್ಟ ದೇವರ ಮಾತಿಗೆ ಓಣಿಗೆ ಓಣಿಯೇ ನಗಬಹುದಿತ್ತು. ಹೊಳೆವ್ವ ಕಾದರು. ಹೊರಗೆ ಯಾರೋ ಹೋಗುತ್ತಾ, "ಮಿಸ್ತ್ರಿ, ಡಬ್ಬಿ ಮುಚ್ಚೀಯೇನೋ?" ಎಂದು ಕೂಗಿದರು.

ತೆರೆದ ಬಾಯಿ ಮುಚ್ಚಿತು. ಗಂಗಾರಾಮ ಹೆಂಡತಿಯ ಕೈಯಿಂದ ಖೊಬ್ಬರಿಯ ಚೂರು ತೆಗೆದುಕೊಂಡು, ಒಳಗಿನ ದೇವರ ಜಗುಲಿಯ ಮೇಲೆ ಇಟ್ಟರು. ಹೊಳೆವ್ವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ನಿಶ್ಚಯ ಮಾಡಿಕೊಂಡರು. ಬಾಗಿಲಿಗೆ ಬಂದು, ಕತ್ತಲಿನೊಳಗೆ ಹೋಗುತ್ತಿದ್ದವರಿಗೆ ಕೇಳುವಂತೆ ಕೂಗಿದರು:

"ಇಲ್ಲೋ! ಮರತ್ನಿ!"